ಅರ್ಥ ಗೊತ್ತು, ಬಳಸೋಕೆ ಬರಲ್ಲ: ಇಂಗ್ಲಿಷ್ ಪದಗಳನ್ನು ಕಲಿಯೋದು ಹೇಗೆ?

ಅರ್ಧಪುಟ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಓದುವಾಗ ಆ ಪದ ಎದುರಾದರೆ ತಕ್ಷಣ ಅರ್ಥ ಹೊಳೆಯುತ್ತದೆ. ಆದರೆ ನಾನೇ ಏನಾದರೂ ಬರೆಯಲು ಕೂತರೆ ಅದರಲ್ಲಿ ಒಂದೂ ಒದಗುವುದಿಲ್ಲ. ಮತ್ತೆ ಅದೇ ‘ಗುಡ್’, ಅದೇ ‘ವೆರಿ’, ಅದೇ ‘ನೈಸ್’.

ಉದಾಹರಣೆಗೆ ‘ರಿಲಕ್ಟೆಂಟ್’. ನೋಟ್‌ಬುಕ್‌ನಲ್ಲಿ ‘ಮನಸ್ಸಿಲ್ಲದ’ ಎಂದಿದೆ. ಸರಿ, ಅದರ ಮುಂದೆ ‘ಟು’ ಬರಬೇಕಾ, ‘ಫಾರ್’ ಬರಬೇಕಾ? ಮನುಷ್ಯರಿಗೆ ಮಾತ್ರ ಹೇಳಬಹುದಾ? ಗೊತ್ತಿಲ್ಲದ ಕಾರಣ ಸುಮ್ನೆ ‘ಡೋಂಟ್ ವಾಂಟ್’ ಎಂದು ಬರೆದು ಮುಗಿಸುತ್ತೇನೆ. ನೀವೆಲ್ಲ ಏನು ಮಾಡುತ್ತೀರಿ?

ಮಳೆಹನಿ
ಅರ್ಥದ ಜೊತೆ ಒಂದು ವಾಕ್ಯವನ್ನೂ ಬರೆದುಕೊಳ್ಳಿ. ಅಷ್ಟೇ. ನೂರು ಪದಗಳ ಅರ್ಥ ಬರೆಯುವುದಕ್ಕಿಂತ ಹತ್ತು ಪದಗಳ ವಾಕ್ಯ ಬರೆಯುವುದು ವಾಸಿ.

ಅರ್ಧಪುಟ
ಅದನ್ನೂ ಮಾಡಿ ನೋಡಿದ್ದೇನೆ ಮಳೆಹನಿ ಅವರೇ. ‘ಹಿ ಈಸ್ ರಿಲಕ್ಟೆಂಟ್’ ಎಂದು ಬರೆದುಕೊಂಡೆ. ಏನೂ ಉಪಯೋಗ ಆಗಲಿಲ್ಲ.

ನಿಧಾನಿ
ಆಗುವುದೇ ಇಲ್ಲ. ಆ ವಾಕ್ಯದಲ್ಲಿ ‘ರಿಲಕ್ಟೆಂಟ್’ ತೆಗೆದು ‘ಹ್ಯಾಪಿ’ ಹಾಕಿ, ‘ಟಾಲ್’ ಹಾಕಿ, ‘ಹಂಗ್ರಿ’ ಹಾಕಿ. ಎಲ್ಲವೂ ಸರಿಹೋಗುತ್ತದೆ. ಅಂದರೆ ಆ ವಾಕ್ಯ ನಿಮಗೆ ಈ ಪದದ ಬಗ್ಗೆ ಏನೂ ಕಲಿಸಿಲ್ಲ. ಒಳ್ಳೆಯ ಉದಾಹರಣೆ ಯಾವುದು ಎಂದು ಪರೀಕ್ಷೆ ಮಾಡುವುದು ಸುಲಭ. ಪದವನ್ನು ಕೈಯಲ್ಲಿ ಮುಚ್ಚಿ. ಉಳಿದ ವಾಕ್ಯ ಓದಿದರೆ ಆ ಪದವೇ ಬರಬೇಕು ಎಂದು ಅನ್ನಿಸಬೇಕು. ‘ಹಿ ವಾಸ್ ರಿಲಕ್ಟೆಂಟ್ ಟು ಲೆಂಡ್ ಹರ್ ಮನಿ, ಬಿಕಾಸ್ ಶಿ ನೆವರ್ ರಿಪೇಯ್ಡ್ ದ ಲಾಸ್ಟ್ ಲೋನ್.’ ಇಲ್ಲಿ ‘ಹ್ಯಾಪಿ’ ಹಾಕಿದರೆ ವಾಕ್ಯ ಕೆಡುತ್ತದೆ. ಜೊತೆಗೆ ‘ಟು’ ಕೂಡ ಸಿಕ್ಕಿತು, ಅದರ ಮುಂದೆ ಕ್ರಿಯಾಪದ ಬರುತ್ತದೆ ಎನ್ನುವುದೂ ಸಿಕ್ಕಿತು.

ನನ್ನ ಮಟ್ಟಿಗೆ ವಿಷಯ ಇದು: ನಾವು ಕಲಿಯಬೇಕಾದದ್ದು ಒಂಟಿ ಪದವನ್ನಲ್ಲ, ಅದರ ಅಕ್ಕಪಕ್ಕದ ಪದಗಳ ಸಮೇತ ಕಲಿಯಬೇಕು. ಇದು ನಾನು ಕಂಡುಹಿಡಿದ ಮಾತೇನಲ್ಲ. ಬ್ರಿಟನ್ನಿನ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1957ರಲ್ಲೇ ಹೇಳಿದ್ದರು, ಪದದ ಗುರುತು ಸಿಗುವುದು ಅದರ ಸಹವಾಸದಿಂದ ಎಂದು.

ಕನ್ನಡದಿಂದ ಇಂಗ್ಲಿಷಿಗೆ ಹೋಗುವವರಿಗೆ ಇದು ಇನ್ನೂ ಜಾಸ್ತಿ ಮುಖ್ಯ. ನಮ್ಮ ‘ಮಾಡು’ ನೋಡಿ. ತಪ್ಪು ಮಾಡುತ್ತೇವೆ, ಹೋಮ್‌ವರ್ಕ್ ಮಾಡುತ್ತೇವೆ, ಊಟ ಮಾಡುತ್ತೇವೆ, ಭಾಷಣ ಮಾಡುತ್ತೇವೆ, ಅಪರಾಧ ಮಾಡುತ್ತೇವೆ. ಎಲ್ಲಕ್ಕೂ ಒಂದೇ ಕ್ರಿಯಾಪದ. ಇಂಗ್ಲಿಷಿನಲ್ಲಿ ಮಿಸ್ಟೇಕಿಗೆ ‘ಮೇಕ್’, ಹೋಮ್‌ವರ್ಕಿಗೆ ‘ಡೂ’, ಲಂಚಿಗೆ ‘ಹ್ಯಾವ್’, ಸ್ಪೀಚಿಗೆ ‘ಗಿವ್’, ಕ್ರೈಮಿಗೆ ‘ಕಮಿಟ್’. ‘ಮಿಸ್ಟೇಕ್ ಅಂದರೆ ತಪ್ಪು’ ಎಂದು ಮಾತ್ರ ಕಲಿತವರು ‘ಐ ಡಿಡ್ ಎ ಮಿಸ್ಟೇಕ್’ ಎನ್ನುತ್ತಾರೆ. ಅರ್ಥದಲ್ಲಿ ತಪ್ಪಿಲ್ಲ, ಜೋಡಿ ತಪ್ಪಿದೆ.

‘ಕೇಳು’ ಕೂಡ ಹಾಗೇ. ಪ್ರಶ್ನೆ ಕೇಳಿದರೆ ‘ಆಸ್ಕ್’. ಹಾಡು ಕೇಳಿದರೆ ‘ಲಿಸನ್ ಟು’. ಸದ್ದು ಕೇಳಿಸಿದರೆ ‘ಹಿಯರ್’. ದೊಡ್ಡವರ ಮಾತು ಕೇಳಿದರೆ ‘ಒಬೇ’.

ಸಂಜೆಬೆಳಕು
ವಿಭಕ್ತಿಯ ಕಾಟವನ್ನೂ ಸೇರಿಸಿ ನಿಧಾನಿ ಸರ್. ‘ಅವನಿಗೆ ಕೇಳು’ ಎನ್ನುತ್ತೇವೆ, ಆ ‘ಗೆ’ಯನ್ನು ಹಾಗೇ ಎತ್ತಿಕೊಂಡು ಹೋಗಿ ‘ಆಸ್ಕ್ ಟು ಹಿಮ್’ ಎನ್ನುತ್ತೇವೆ. ಅಲ್ಲಿ ‘ಟು’ ಬೇಡವೇ ಬೇಡ. ‘ನಾಯಿಗೆ ಹೆದರುತ್ತೇನೆ’ ಎನ್ನುವಾಗಲೂ ‘ಗೆ’ ಇದೆ, ಇಂಗ್ಲಿಷಿನಲ್ಲಿ ‘ಅಫ್ರೇಡ್ ಆಫ್ ಡಾಗ್ಸ್’. ‘ನನ್ನ ಮೇಲೆ ಕೋಪ’ ‘ಆಂಗ್ರಿ ಆನ್ ಮಿ’ ಆಗಿಬಿಡುತ್ತದೆ, ಬರಬೇಕಾದ್ದು ‘ಆಂಗ್ರಿ ವಿತ್ ಮಿ’. ಹಾಗಂತ ‘ವಿತ್’ ಎಲ್ಲ ಕಡೆ ನಡೆಯುತ್ತದಾ? ಅವಳ ಜೊತೆ ಮದುವೆಯಾದರೆ ‘ಮ್ಯಾರೀಡ್ ಟು ಹರ್’. ಅಲ್ಲಿ ಮತ್ತೆ ‘ಟು’!

ಇದಕ್ಕೆಲ್ಲ ಲಾಜಿಕ್ ಹುಡುಕಿ ನಾನು ಸುಸ್ತಾಗಿದ್ದೇನೆ. ಈಗ ‘ಅಫ್ರೇಡ್’ ಎಂದು ಬರೆಯುವುದೇ ಇಲ್ಲ. ‘ಅಫ್ರೇಡ್ ಆಫ್’ ಎಂದೇ ಬರೆದುಕೊಳ್ಳುತ್ತೇನೆ. ಎರಡನ್ನೂ ಸೇರಿಸಿ ಒಂದೇ ಪದ ಎಂದುಕೊಂಡರೆ ನೆಮ್ಮದಿ.

ಟಿಪ್ಪಣಿ
ಸ್ವಲ್ಪ ತಕರಾರು ಇದೆ. ಕನ್ನಡ ಅರ್ಥ ಬರೆದುಕೊಳ್ಳುವುದೇ ಕೆಟ್ಟದ್ದು ಎನ್ನುವ ಧಾಟಿ ಇಲ್ಲಿ ಬರುತ್ತಿದೆ. ಅದನ್ನು ನಾನು ಒಪ್ಪುವುದಿಲ್ಲ. ‘ಎಲ್ಬೋ’ ಅಂದರೆ ಮೊಣಕೈ. ‘ಐಬ್ರೋ’ ಅಂದರೆ ಹುಬ್ಬು. ಇದಕ್ಕೆ ಯಾಕೆ ವಾಕ್ಯ? ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುಗಳ ಹೆಸರಿಗೆ ಒಂದು ಕನ್ನಡ ಪದ ಸಾಕು. ಇಂಗ್ಲಿಷ್–ಇಂಗ್ಲಿಷ್ ನಿಘಂಟು ತೆಗೆದು ‘ದ ಜಾಯಿಂಟ್ ಬಿಟ್ವೀನ್…’ ಎಂದು ಓದಿ ತಲೆ ಕೆಡಿಸಿಕೊಳ್ಳುವುದು ಟೈಮ್ ವೇಸ್ಟ್. ಪದಸಂಪತ್ತಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿರುವ ನ್ಯೂಜಿಲೆಂಡಿನ ಪಾಲ್ ನೇಷನ್ ಕೂಡ ಶುರುವಿನಲ್ಲಿ ಮಾತೃಭಾಷೆಯ ಅರ್ಥ ಬರೆದ ಕಾರ್ಡುಗಳು ಉಪಯುಕ್ತ ಎಂದೇ ಹೇಳುತ್ತಾರೆ.

ವಾಕ್ಯ ಬೇಕಾಗುವುದು ‘ಇಶ್ಯೂ’, ‘ಚಾರ್ಜ್’, ‘ಫೇರ್’ ಇಂಥವಕ್ಕೆ. ‘ಚಾರ್ಜ್’ ಅಂದರೆ ಶುಲ್ಕವೂ ಹೌದು, ಆರೋಪವೂ ಹೌದು, ಹೊಣೆಯೂ ಹೌದು, ಬ್ಯಾಟರಿಗೆ ತುಂಬುವುದೂ ಹೌದು, ನುಗ್ಗುವುದೂ ಹೌದು.

ನಿಧಾನಿ
ಒಪ್ಪಿದೆ ಟಿಪ್ಪಣಿ ಅವರೇ. ಮೊಣಕೈಗೆ ವಾಕ್ಯ ಬೇಡ. ಕ್ರಿಯಾಪದ, ವಿಶೇಷಣ, ಭಾವನೆಯ ಪದಗಳಿಗೆ ಬೇಕು. ಆದರೆ ‘ಚಾರ್ಜ್’ನ ಎಲ್ಲ ಅರ್ಥಗಳನ್ನೂ ಒಂದೇ ದಿನ ಬರೆದುಕೊಳ್ಳಬೇಡಿ. ಯಾವ ಅರ್ಥ ಎದುರಾಯಿತೋ ಅದನ್ನು ಅದರ ವಾಕ್ಯದ ಜೊತೆ ಬರೆಯಿರಿ. ಕೆಳಗೆ ಜಾಗ ಬಿಡಿ.

ಅರ್ಧಪುಟ
ಇದು ನಿಜಕ್ಕೂ ಕೆಲಸಕ್ಕೆ ಬರುವ ಮಾತು. ಇನ್ನೊಂದು ಪ್ರಶ್ನೆ. ಒಟ್ಟು ಎಷ್ಟು ಪದ ಬೇಕು? ಒಬ್ಬರು ಮೂರು ಸಾವಿರ ಸಾಕು ಎನ್ನುತ್ತಾರೆ, ಇನ್ನೊಬ್ಬರು ಇಪ್ಪತ್ತು ಸಾವಿರ ಎನ್ನುತ್ತಾರೆ. ಗೊಂದಲ.

ಕಪಾಟು
ಏನು ಮಾಡಲು ಬೇಕು ಎನ್ನುವುದರ ಮೇಲೆ ಹೋಗುತ್ತದೆ.

1953ರಲ್ಲಿ ಮೈಕೇಲ್ ವೆಸ್ಟ್ ಎನ್ನುವವರು ಸುಮಾರು 2000 ಪದಗಳ ಒಂದು ಪಟ್ಟಿ ಪ್ರಕಟಿಸಿದರು, ಜನರಲ್ ಸರ್ವೀಸ್ ಲಿಸ್ಟ್ ಎಂದು. ಸಾಮಾನ್ಯ ಬರಹಗಳಲ್ಲಿ ಬರುವ ಪದಗಳಲ್ಲಿ ಸುಮಾರು ಶೇ 80ರಷ್ಟು ಈ ಪಟ್ಟಿಯೊಳಗೇ ಸಿಗುತ್ತವೆ. ಆ ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು ಬೇರೆ. ಒಂದು ಪದಕ್ಕೆ ಹಲವು ಅರ್ಥ ಇದ್ದರೆ, ಯಾವ ಅರ್ಥ ಶೇಕಡ ಎಷ್ಟು ಬಾರಿ ಬಳಕೆಯಾಗುತ್ತದೆ ಎಂದೂ ವೆಸ್ಟ್ ಲೆಕ್ಕ ಕೊಟ್ಟಿದ್ದರು. ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕ ಅದು.

ಕಾಲೇಜು ಮಟ್ಟದ ಪುಸ್ತಕ ಓದಬೇಕಾದರೆ ಇನ್ನೊಂದು ಪಟ್ಟಿ ಇದೆ. 2000ನೇ ಇಸವಿಯಲ್ಲಿ ಎವೆರಿಲ್ ಕಾಕ್ಸ್‌ಹೆಡ್ ಮಾಡಿದ್ದು. ಅದರಲ್ಲಿ 570 ಪದಕುಟುಂಬಗಳಿವೆ. ಪದಕುಟುಂಬ ಅಂದರೆ ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಟಿಕಲ್’ ಎಲ್ಲ ಸೇರಿ ಒಂದು. ಅಧ್ಯಯನದ ಬರಹಗಳಲ್ಲಿ ಸುಮಾರು ಶೇ 10ರಷ್ಟನ್ನು ಈ ಚಿಕ್ಕ ಪಟ್ಟಿಯೇ ತುಂಬುತ್ತದೆ.

ಮೇಲೆ ಹೆಸರು ಬಂದ ನೇಷನ್ 2006ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ಪತ್ರಿಕೆ, ಕಾದಂಬರಿಗಳನ್ನು ನಿಘಂಟಿನ ನೆರವಿಲ್ಲದೆ ಓದಬೇಕಾದರೆ ಶೇ 98ರಷ್ಟು ಪದಗಳು ಗೊತ್ತಿರಬೇಕು. ಅಂದರೆ ಐವತ್ತು ಪದಕ್ಕೆ ಒಂದು ಮಾತ್ರ ಗೊತ್ತಿಲ್ಲದ್ದು. ಅದಕ್ಕೆ 8000ದಿಂದ 9000 ಪದಕುಟುಂಬ ಬೇಕು. ಮಾತು ಕೇಳಿ ಅರ್ಥಮಾಡಿಕೊಳ್ಳಲು 6000ದಿಂದ 7000. ಗಮನಿಸಿ, ಇದು ಗುರುತು ಹಿಡಿಯುವ ಲೆಕ್ಕ. ಬಾಯಲ್ಲಿ ಬರಬೇಕಾದ ಪದಗಳು ಇದಕ್ಕಿಂತ ತುಂಬಾ ಕಡಿಮೆ. ಹಾಗಾಗಿ ನೋಟ್‌ಬುಕ್‌ನಲ್ಲಿರುವ ಎಲ್ಲ ಪದಗಳೂ ಬಳಕೆಗೆ ಬರಬೇಕು ಎಂದು ಹಟ ಹಿಡಿಯಬೇಡಿ ಅರ್ಧಪುಟ ಅವರೇ. ಕೆಲವು ಪದಗಳು ಓದುವುದಕ್ಕೆ ಮಾತ್ರ ಇರಲಿ.

ಗಡಿಬಿಡಿ
ಇಷ್ಟೆಲ್ಲ ಯಾಕೆ ಗುರು? ಸಬ್‌ಟೈಟಲ್ ಹಾಕಿಕೊಂಡು ಸಿನಿಮಾ ನೋಡಿದರೆ ತಾನಾಗೇ ಬರುತ್ತದೆ.

ಟಿಪ್ಪಣಿ
ಬರುತ್ತದೆ, ಅರ್ಧ. ಪದಗಳು ಮತ್ತೆ ಮತ್ತೆ ಕಿವಿಗೆ ಬೀಳಬೇಕು, ಅದಕ್ಕೆ ಸಿನಿಮಾ, ಓದು ಎಲ್ಲ ಒಳ್ಳೆಯದೇ. ಆದರೆ ಕೇಳಿ ಅರ್ಥವಾಗುವುದು ಬೇರೆ, ನೆನಪಿನಿಂದ ಹೊರಗೆ ತೆಗೆಯುವುದು ಬೇರೆ. ಅರ್ಧಪುಟ ಅವರ ತೊಂದರೆ ಇರುವುದೇ ಎರಡನೆಯದರಲ್ಲಿ. ಅದಕ್ಕೆ ಪದವನ್ನು ನಾವೇ ತೆಗೆದು ಹೇಳುವ ಅಭ್ಯಾಸ ಬೇಕು.

ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಒಂದು ಪುಸ್ತಕ ಬರೆದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡುವುದು, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಅಳೆಯುವುದು. ಮರೆವು ಶುರುವಿನಲ್ಲೇ ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಗೊತ್ತಾಯಿತು. ಕಲಿತದ್ದನ್ನು ಅಂತರ ಬಿಟ್ಟು ಓದಿದರೆ ಹೆಚ್ಚು ಉಳಿಯುತ್ತದೆ ಎಂಬುದೂ ಅವರಿಗೆ ಕಂಡಿತ್ತು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದೇ ತತ್ವದ ಮೇಲೆ ಕಾರ್ಡಿನ ಡಬ್ಬಿಗಳ ವಿಧಾನ ಪರಿಚಯಿಸಿದರು. ಉತ್ತರ ಸರಿಯಾದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಾದರೆ ಮತ್ತೆ ಮೊದಲ ಖಾನೆಗೆ. ಮುಂದಿನ ಖಾನೆಗಳನ್ನು ಅಪರೂಪಕ್ಕೆ ತೆಗೆದರೆ ಸಾಕು. 2006ರಲ್ಲಿ ಬಂದ ಆಂಕಿ ಎಂಬ ಸಾಫ್ಟ್‌ವೇರ್ ಈ ಅಂತರದ ಲೆಕ್ಕವನ್ನು ತಾನೇ ಮಾಡುತ್ತದೆ.

ಆದರೆ ಕಾರ್ಡಿನ ಮೇಲೆ ಏನಿದೆ ಎನ್ನುವುದು ಮುಖ್ಯ. ಒಂದು ಕಡೆ ‘ರಿಲಕ್ಟೆಂಟ್’, ಇನ್ನೊಂದು ಕಡೆ ‘ಮನಸ್ಸಿಲ್ಲದ’ ಎಂದಿದ್ದರೆ ಮತ್ತೆ ಹಳೇ ಕಥೆ. ನಾನು ಕಾರ್ಡಿನ ಮುಂಭಾಗದಲ್ಲಿ ಕನ್ನಡ ವಾಕ್ಯ ಹಾಕುತ್ತೇನೆ: ‘ಸಹಿ ಹಾಕಲು ಅವಳಿಗೆ ಅಷ್ಟು ಮನಸ್ಸಿರಲಿಲ್ಲ.’ ಹಿಂದೆ: ‘ಶಿ ವಾಸ್ ರಿಲಕ್ಟೆಂಟ್ ಟು ಸೈನ್.’ ನೋಡಿ, ಹೇಳಲು ಹೊರಟಾಗ ನಮ್ಮ ತಲೆಯಲ್ಲಿ ಮೊದಲು ಬರುವುದು ಕನ್ನಡದ ಮಾತೇ ಅಲ್ವಾ? ಹಾಗಾಗಿ ಅಭ್ಯಾಸವೂ ಆ ದಿಕ್ಕಿನಲ್ಲೇ ಇರಲಿ.

ಗಡಿಬಿಡಿ
ಸರಿ ಸರಿ, ಒಪ್ಪಿದೆ. ಆದರೂ ಸಿನಿಮಾ ಬಿಡಲ್ಲ.

ಸಂಜೆಬೆಳಕು
ನಿಘಂಟಿನ ಬಗ್ಗೆ ಯಾರೂ ಹೇಳಲಿಲ್ಲ. ‘ರಿಲಕ್ಟೆಂಟ್ ಟು’ ಎಂದು ಎಲ್ಲಿ ನೋಡಿ ತಿಳಿದುಕೊಳ್ಳುವುದು ಎನ್ನುವುದು ಅರ್ಧಪುಟ ಅವರ ಮೂಲ ಪ್ರಶ್ನೆ. ಉತ್ತರ: ಕಲಿಯುವವರಿಗಾಗಿಯೇ ಬರೆದ ನಿಘಂಟು, ಇಂಗ್ಲಿಷಿನಲ್ಲಿ ‘ಲರ್ನರ್ಸ್ ಡಿಕ್ಷನರಿ’. ಅರ್ಥ ಹುಡುಕಿದರೆ ನಾಲ್ಕು ಸಮಾನಾರ್ಥಕ ಪದ ಕೊಟ್ಟು ಸುಮ್ಮನಾಗುವ ಆ್ಯಪ್‌ಗಳಿಂದ ಈ ಕೆಲಸ ಆಗುವುದಿಲ್ಲ.

ಈ ಬಗೆಯ ನಿಘಂಟಿನ ಕಥೆ ಚೆನ್ನಾಗಿದೆ. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಬೇರೆ ಭಾಷೆಯವರಿಗೆ ಅರ್ಥಕ್ಕಿಂತ ವಾಕ್ಯದ ಕಟ್ಟಡವೇ ಕಷ್ಟ ಎಂದು ಅವರಿಗೆ ಗೊತ್ತಿತ್ತು. ಅವರ ತಂಡದ ನಿಘಂಟು 1942ರಲ್ಲಿ ಜಪಾನಿನಲ್ಲಿ ಹೊರಬಂತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಪ್ರಕಟಿಸಿತು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಮೂಲ ಅದೇ. 1978ರ ಲಾಂಗ್‌ಮನ್ ನಿಘಂಟು ಸುಮಾರು 2000 ಸರಳ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ವಿವರಿಸಿತು. 1987ರಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಬಂದ ಕೋಬಿಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪ್ಯೂಟರಿನಲ್ಲಿ ಕೂಡಿಸಿಟ್ಟ ನಿಜವಾದ ಬರಹ, ಮಾತುಗಳಿಂದ ಉದಾಹರಣೆ ತೆಗೆದುಕೊಂಡಿತು. ಅರ್ಥವನ್ನೂ ಪೂರ್ತಿ ವಾಕ್ಯದಲ್ಲೇ ಹೇಳಿತು. ಅಂದರೆ ಅರ್ಥ ಓದುವಾಗಲೇ ಬಳಕೆಯೂ ಕಣ್ಣಿಗೆ ಬೀಳುತ್ತದೆ. ನನ್ನ ಓಟು ಇದಕ್ಕೇ.

ಇಂಥ ನಿಘಂಟು ತೆರೆದಾಗ ಇನ್ನೊಂದು ಚಿಕ್ಕ ಗುರುತಿನ ಮೇಲೆ ಕಣ್ಣಿಡಿ. ನಾಮಪದದ ಪಕ್ಕ ‘ಸಿ’ ಅಥವಾ ‘ಯು’ ಎಂಬ ಅಕ್ಷರ ಇರುತ್ತದೆ. ‘ಸಿ’ ಇದ್ದರೆ ಎಣಿಸಬಹುದಾದ ಪದ, ‘ಯು’ ಇದ್ದರೆ ಅಲ್ಲ. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು, ಪೀಠೋಪಕರಣಗಳು ಎನ್ನುತ್ತೇವೆ. ಅದೇ ಅಭ್ಯಾಸದಲ್ಲಿ ‘ಅಡ್ವೈಸಸ್’, ‘ಇನ್ಫರ್ಮೇಷನ್ಸ್’, ‘ಫರ್ನಿಚರ್ಸ್’ ಬರುತ್ತದೆ. ಮೂರಕ್ಕೂ ‘ಯು’ ಗುರುತು ಇದೆ, ‘ಎಸ್’ ಹಾಕುವಂತಿಲ್ಲ.

ಮಳೆಹನಿ
ನನ್ನ ಒಂದು ಸಾಲಿನ ಸಲಹೆ ಎಲ್ಲಿಗೋ ಹೋಯಿತು! ಇರಲಿ. ಯಾರೂ ಮುಟ್ಟದ ಒಂದು ವಿಷಯ ಹೇಳುತ್ತೇನೆ. ಪದದ ಧಾಟಿ. ‘ತೀರಿಕೊಂಡರು’, ‘ಸತ್ತರು’, ‘ಗೊಟಕ್ ಅಂದರು’. ಕನ್ನಡದವರಿಗೆ ಇದರಲ್ಲಿ ಯಾವುದನ್ನು ಎಲ್ಲಿ ಹೇಳಬೇಕು ಎಂದು ಯಾರೂ ಕಲಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಆ ಅಂದಾಜು ನಮಗೆ ತಾನಾಗೇ ಬರುವುದಿಲ್ಲ. ‘ಫೇಮಸ್’ ಎಂದರೂ ಹೆಸರುವಾಸಿ, ‘ನಟೋರಿಯಸ್’ ಎಂದರೂ ಹೆಸರುವಾಸಿ. ಆದರೆ ಎರಡನೆಯದು ಕೆಟ್ಟದ್ದಕ್ಕೆ ಬಂದ ಹೆಸರು, ಅದನ್ನು ನಿಮ್ಮ ಮೇಷ್ಟ್ರಿಗೆ ಹೇಳಿ ನೋಡಿ! ತೆಳ್ಳಗಿರುವವರಿಗೆ ‘ಸ್ಲಿಮ್’ ಎಂದು ಹೇಳಿದರೆ ಖುಷಿ, ‘ಸ್ಕಿನ್ನಿ’ ಎಂದು ಹೇಳಿದರೆ ಬೇಜಾರು. ‘ಚೈಲ್ಡ್‌ಲೈಕ್’ ಹೊಗಳಿಕೆ, ‘ಚೈಲ್ಡಿಶ್’ ಬೈಗುಳ.

ಕೆಲವು ಪದಗಳಲ್ಲಿ ಇದು ಮೇಲ್ನೋಟಕ್ಕೆ ಕಾಣುವುದೂ ಇಲ್ಲ. ‘ಕಾಸ್’ ಎನ್ನುವ ಕ್ರಿಯಾಪದ ನೋಡಿ. ಅರ್ಥ ‘ಉಂಟುಮಾಡು’. ಆದರೆ ಇಂಗ್ಲಿಷಿನವರು ಅದನ್ನು ಜಾಸ್ತಿ ಬಳಸುವುದು ಕೆಟ್ಟದ್ದರ ಜೊತೆ: ಪ್ರಾಬ್ಲಮ್, ಡ್ಯಾಮೇಜ್, ಪೇನ್, ಡಿಲೇ. ‘ಯುವರ್ ಲೆಟರ್ ಕಾಸ್ಡ್ ಹ್ಯಾಪಿನೆಸ್’ ಎಂದರೆ ವ್ಯಾಕರಣ ಸರಿ, ಕಿವಿಗೆ ಮಾತ್ರ ವಿಚಿತ್ರ. ಅಲ್ಲಿ ‘ಬ್ರಾಟ್’ ಎನ್ನಬೇಕು. ಇದು ಗೊತ್ತಾಗಬೇಕಾದರೆ ಒಂದು ಪದಕ್ಕೆ ಒಂದು ವಾಕ್ಯ ಸಾಲದು, ನಾಲ್ಕೈದು ನೋಡಬೇಕು.

ಕಪಾಟು
ಚೆನ್ನಾಗಿ ಹೇಳಿದಿರಿ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ, ಕನ್ನಡದೊಳಗೆ ಆಗಲೇ ಬಂದು ಕೂತಿರುವ ಇಂಗ್ಲಿಷ್ ಪದಗಳು. ಇವು ಗೊತ್ತಿರುವ ಪದ ಎಂದುಕೊಂಡು ನಾವು ನಿಘಂಟು ತೆಗೆಯುವುದೇ ಇಲ್ಲ. ‘ಕರೆಂಟ್ ಹೋಯಿತು’ ಎನ್ನುತ್ತೇವೆ, ಅಲ್ಲಿ ಅವರು ಹೇಳುವುದು ‘ಪವರ್’. ‘ರೋಗಿ ಸೀರಿಯಸ್’ ಎನ್ನುತ್ತೇವೆ. ‘ದ ಪೇಷೆಂಟ್ ಈಸ್ ಸೀರಿಯಸ್’ ಎಂದರೆ ರೋಗಿ ತಮಾಷೆ ಮಾಡುತ್ತಿಲ್ಲ ಎಂದೂ ಕೇಳಿಸಬಹುದು. ಬೇಕಾದದ್ದು ‘ಸೀರಿಯಸ್ಲಿ ಇಲ್’. ‘ಡೌಟ್ ಕೇಳಬೇಕು’ ಎನ್ನುವಾಗ ನಮಗೆ ಇರುವುದು ಪ್ರಶ್ನೆ, ಅವರ ಕಿವಿಗೆ ಬೀಳುವುದು ಅಪನಂಬಿಕೆ.

ಗಡಿಬಿಡಿ
ಹಾಗಾದರೆ ‘ಪ್ರೀಪೋನ್’ (ಗೊತ್ತುಮಾಡಿದ ದಿನಕ್ಕಿಂತ ಮುಂಚೆ ಇಟ್ಟುಕೊಳ್ಳುವುದು) ಕೂಡ ತಪ್ಪಾ? ನಾವೆಲ್ಲ ಬಳಸುತ್ತೇವಲ್ಲ.

ಕಪಾಟು
ತಪ್ಪೇನಲ್ಲ. ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ಭಾರತೀಯ ಇಂಗ್ಲಿಷ್ ಎಂಬ ಗುರುತಿನ ಜೊತೆ. ನಮ್ಮೊಳಗೆ ಧಾರಾಳವಾಗಿ ಬಳಸಿ. ಹೊರದೇಶದವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಎನ್ನಿ, ಏಕೆಂದರೆ ಅವರಲ್ಲಿ ಬಹಳ ಜನಕ್ಕೆ ಆ ಪದ ಗೊತ್ತಿರುವುದಿಲ್ಲ. ಇದು ಸರಿ–ತಪ್ಪಿನ ಪ್ರಶ್ನೆ ಅಲ್ಲ, ಓದುವವರು ಯಾರು ಎನ್ನುವ ಪ್ರಶ್ನೆ.

ಅರ್ಧಪುಟ
ಎಲ್ಲರಿಗೂ ಥ್ಯಾಂಕ್ಸ್. ಹಳೇ ನೋಟ್‌ಬುಕ್ ಪಕ್ಕಕ್ಕಿಟ್ಟು ಹೊಸದಾಗಿ ಬರೆಯಲು ಶುರುಮಾಡಿದೆ. ಒಂದು ನಮೂನೆ ಹಾಕುತ್ತೇನೆ, ನೋಡಿ ಹೇಳಿ.

‘ಅವೇರ್ ಆಫ್’. ಗೊತ್ತಿರುವುದು, ಗಮನದಲ್ಲಿರುವುದು. ‘ಅಪಾಯ ಇದೆ ಎಂದು ಗೊತ್ತಿದ್ದರೂ ಅವರು ಹೋದರು.’ ‘ದೇ ವರ್ ಅವೇರ್ ಆಫ್ ದ ಡೇಂಜರ್, ಬಟ್ ದೇ ವೆಂಟ್.’ ಜೊತೆಗೆ ಬರುವವು: ‘ವೆಲ್ ಅವೇರ್’, ‘ಫುಲ್ಲಿ ಅವೇರ್’, ‘ಬಿಕಮ್ ಅವೇರ್’.

ಹಳೇ ನೋಟ್‌ಬುಕ್‌ನ ಪದಗಳನ್ನೆಲ್ಲ ಹೀಗೆ ಮತ್ತೆ ಬರೆಯಬೇಕಾ? ಅದನ್ನು ನೆನೆದರೇ ಭಯ.

ನಿಧಾನಿ
ನಮೂನೆ ಚೆನ್ನಾಗಿದೆ. ಎಲ್ಲವನ್ನೂ ಖಂಡಿತ ಬೇಡ. ಹಾಳೆ ತಿರುವುತ್ತಾ ಹೋಗಿ. ‘ಛೇ, ಮೊನ್ನೆ ಆ ಮೇಲ್ ಬರೆಯುವಾಗ ಈ ಪದ ಬೇಕಿತ್ತು’ ಅನ್ನಿಸಿದರೆ ಅದನ್ನು ಮಾತ್ರ ಹೊಸ ಪುಸ್ತಕಕ್ಕೆ ತನ್ನಿ. ಉಳಿದವು ಅಲ್ಲೇ ಇರಲಿ, ಓದುವಾಗ ಅರ್ಥವಾಗುತ್ತಿವೆಯಲ್ಲ.

ಇನ್ನೊಂದು. ಒಂದೇ ತರಹ ಇರುವ ಪದಗಳನ್ನು ಒಂದೇ ದಿನ ಬರೆಯಬೇಡಿ. ‘ಲೆಂಡ್’ ಮತ್ತು ‘ಬಾರೋ’ ಒಟ್ಟಿಗೆ ಕಲಿತವರಿಗೆ ಕೊಡುವುದು ಯಾವುದು, ತೆಗೆದುಕೊಳ್ಳುವುದು ಯಾವುದು ಎಂದು ಸದಾ ಅನುಮಾನ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ.

ಅರ್ಧಪುಟ
ಸರಿ ಸರ್. ಕೊನೆಗೆ ಒಂದು. ‘ಸಜೆಸ್ಟ್ ಮಿ ಎ ಗುಡ್ ಡಿಕ್ಷನರಿ’ ಎಂದು ಇಲ್ಲೇ ಕೇಳೋಣ ಎಂದಿದ್ದೆ. ಈಗ ಅದರ ಮೇಲೂ ಅನುಮಾನ ಬಂತು.

ಟಿಪ್ಪಣಿ
ಅನುಮಾನ ಸರಿಯಾಗಿಯೇ ಬಂದಿದೆ. ‘ನನಗೆ ಸೂಚಿಸಿ’ಯ ‘ನನಗೆ’ ಅಲ್ಲಿ ನುಸುಳಿದೆ. ‘ಸಜೆಸ್ಟ್ ಎ ಗುಡ್ ಡಿಕ್ಷನರಿ’ ಸಾಕು. ಯಾರಿಗೆ ಎಂದು ಹೇಳಲೇಬೇಕಾದರೆ ವಸ್ತುವಿನ ನಂತರ ‘ಟು ಮಿ’ ಬರುತ್ತದೆ. ‘ಎಕ್ಸ್‌ಪ್ಲೇನ್’ ಕೂಡ ಇದೇ ಜಾತಿ: ‘ಎಕ್ಸ್‌ಪ್ಲೇನ್ ಮಿ ದ ರೂಲ್’ ಅಲ್ಲ, ‘ಎಕ್ಸ್‌ಪ್ಲೇನ್ ದ ರೂಲ್ ಟು ಮಿ’. ಕೆಲಸವನ್ನು ಸೂಚಿಸುವಾಗ ‘ಐ ಸಜೆಸ್ಟ್ ಗೋಯಿಂಗ್’ ಅಥವಾ ‘ಐ ಸಜೆಸ್ಟ್ ದಟ್ ವಿ ಗೋ’. ‘ಸಜೆಸ್ಟ್ ಟು ಗೋ’ ಬರುವುದಿಲ್ಲ. ಡಿಕ್ಷನರಿ ಮಾತ್ರ ಸಂಜೆಬೆಳಕು ಅವರು ಹೇಳಿದ್ದರಲ್ಲೇ ಒಂದನ್ನು ಆರಿಸಿಕೊಳ್ಳಿ. ಆಕ್ಸ್‌ಫರ್ಡ್, ಲಾಂಗ್‌ಮನ್, ಕಾಲಿನ್ಸ್ ಮೂರರದ್ದೂ ಆನ್‌ಲೈನಿನಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ಕೋಬಿಲ್ಡ್ ಇರುವುದು ಕಾಲಿನ್ಸ್‌ನಲ್ಲಿ.